ಟೋಕನ್ನಿಗೆ ಎಷ್ಟು ಆಯುಸ್ಸು?

ಯಾವ ಸಾಫ್ಟ್‌ವೇರ್ ಪ್ರಾಜೆಕ್ಟಿನ ಕಾನ್ಫಿಗರೇಷನ್ ಫೈಲನ್ನು ತೆರೆದರೂ ಡೇಟಾಬೇಸಿನ ವಿಳಾಸ, ಪೋರ್ಟ್ ಸಂಖ್ಯೆ, ಇಮೇಲ್ ಸರ್ವರ್‌ಗಳ ನಡುವೆ ಎಲ್ಲೋ ಒಂದು ಸಾಲಿನಲ್ಲಿ 3600 ಎಂಬ ಅಂಕಿ ಕಾಣುವ ಸಂಭವವಿದೆ. ಲಾಗಿನ್ ಆದವರಿಗೆ ಕೊಡುವ ಟೋಕನ್ ಎಷ್ಟು ಸೆಕೆಂಡು ನಡೆಯಬೇಕೆಂಬ ಲೆಕ್ಕ ಅದು, ಒಂದು ಗಂಟೆ. ಇಟ್ಟವರು ಯಾರು, ಒಂದೇ ಗಂಟೆ ಯಾಕೆ ಎಂದು ತಂಡದಲ್ಲಿ ವಿಚಾರಿಸಿದರೆ ಉತ್ತರ ಸಿಗುವುದು ಅಪರೂಪ. ಪೋರ್ಟ್ ಸಂಖ್ಯೆ ತಪ್ಪಿದರೆ ಆ್ಯಪ್ ಏಳುವುದೇ ಇಲ್ಲ, ಆದ್ದರಿಂದ ಅದು ಎಲ್ಲರ ಗಮನಕ್ಕೂ ಬರುತ್ತದೆ. ಎಕ್ಸ್‌ಪೈರಿ ತಪ್ಪಿದ್ದರೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಆದ ದಿನ ಮಾತ್ರ ಅದು ಪತ್ರಿಕೆಯಲ್ಲಿ ಬರುವಂಥ ಸುದ್ದಿಯಾಗಿರುತ್ತದೆ.

3600ರ ಮೂಲ ಹುಡುಕುವುದು ಕಷ್ಟವಲ್ಲ. ಇಂದು ಬಹುತೇಕ ಆ್ಯಪ್‌ಗಳು ಅನುಸರಿಸುವ ಓಆಥ್ 2.0 ನಿಯಮಾವಳಿ 2012ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 6749 ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅದರ ಉದಾಹರಣೆಗಳಲ್ಲಿ ಇರುವ ಅವಧಿ 3600 ಸೆಕೆಂಡು. ಅದೇ ತಿಂಗಳು ಬಂದ ಜೋಡಿ ದಾಖಲೆ, ಆರ್‌ಎಫ್‌ಸಿ 6750, ಟೋಕನ್ನಿನ ಆಯುಸ್ಸು ಒಂದು ಗಂಟೆ ಅಥವಾ ಅದಕ್ಕಿಂತ ಕಡಿಮೆ ಇರಲಿ ಎಂದು ಸಲಹೆ ಕೊಟ್ಟಿತು. ಉದಾಹರಣೆಗೆಂದು ಬರೆದದ್ದು ಪದ್ಧತಿಯಾಗಿ ನಿಲ್ಲುವುದು ನಮ್ಮಲ್ಲಿ ಹೊಸದೇನಲ್ಲ.

ಟೋಕನ್ನಿಗೆ ಆಯುಸ್ಸು ಯಾಕೆ ಬೇಕು? ದರ್ಶಿನಿಯಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆದ ಮೇಲೆ ದೋಸೆ ಕೊಡುವವನು ನಿಮ್ಮ ಹೆಸರು ಕೇಳುವುದಿಲ್ಲ. ಟೋಕನ್ ಯಾರ ಕೈಯಲ್ಲಿದೆಯೋ ದೋಸೆ ಅವರಿಗೆ. ಸಾಫ್ಟ್‌ವೇರಿನ ಬೇರರ್ ಟೋಕನ್ನಿನ ಸ್ವಭಾವವೂ ಇದೇ. 2015ರಲ್ಲಿ ಆರ್‌ಎಫ್‌ಸಿ 7519 ಆಗಿ ನೆಲೆಗೊಂಡ ಜೆಡಬ್ಲ್ಯೂಟಿ ಮಾದರಿಯಲ್ಲಿ ಇದಕ್ಕೆ ಇನ್ನೊಂದು ಗುಣ ಸೇರಿತು. ಟೋಕನ್ನಿನೊಳಗೇ ಬಳಕೆದಾರರ ಗುರುತು, ಅಧಿಕಾರ, ಗಡುವು ಎಲ್ಲ ಇರುತ್ತದೆ. ಕೆಳಗೆ ಡಿಜಿಟಲ್ ಸಹಿ. ಟೋಕನ್ ಪಡೆದ ಸರ್ವರ್ ಸಹಿ ಸರಿಯಿದೆಯೇ, ಗಡುವು ಮೀರಿದೆಯೇ ಎಂದಷ್ಟೇ ನೋಡಿ ಬಾಗಿಲು ತೆರೆಯುತ್ತದೆ. ಡೇಟಾಬೇಸನ್ನು ಕೇಳುವ ಗೋಜಿಲ್ಲ. ಲಕ್ಷಾಂತರ ಬಳಕೆದಾರರಿರುವ ಕಡೆ ಈ ಉಳಿತಾಯ ದೊಡ್ಡದು. ಅದರ ಬೆಲೆಯೂ ಅಷ್ಟೇ ದೊಡ್ಡದು. ಒಮ್ಮೆ ಹೊರಗೆ ಹೋದ ಟೋಕನ್ನನ್ನು ಹಿಂದಕ್ಕೆ ಕರೆಯುವ ದಾರಿ ಇಲ್ಲ. ನೌಕರನನ್ನು ಬೆಳಿಗ್ಗೆ ಕೆಲಸದಿಂದ ತೆಗೆದು ಅವನ ಖಾತೆ ಮುಚ್ಚಿದರೂ ಅವನ ಕೈಯಲ್ಲಿರುವ ಟೋಕನ್ ಗಡುವಿನವರೆಗೆ ನಡೆಯುತ್ತಲೇ ಇರುತ್ತದೆ.

ಅಂದರೆ ಆ ಅಂಕಿ ಉತ್ತರಿಸುವುದು ಒಂದೇ ಪ್ರಶ್ನೆಗೆ: ನಮ್ಮ ನಿರ್ಧಾರ ಬದಲಾದ ಮೇಲೂ ಹಳೆಯ ನಿರ್ಧಾರವೇ ಎಷ್ಟು ಹೊತ್ತು ನಡೆದರೆ ನಮಗೆ ಅಡ್ಡಿಯಿಲ್ಲ? ಇದು ಸಂಸ್ಥೆಯ ಯಜಮಾನರು, ಕಾನೂನು ವಿಭಾಗ, ಗ್ರಾಹಕ ಸೇವೆಯವರು ಕೂತು ಹೇಳಬೇಕಾದ ಉತ್ತರ. ಹೇಳುತ್ತಿರುವುದು ಮಾತ್ರ ಸಾಮಾನ್ಯವಾಗಿ ಒಬ್ಬ ಡೆವಲಪರ್, ಅದೂ ಬೇರೆ ಕಡೆಯಿಂದ ನಕಲು ಮಾಡಿಕೊಂಡು.

ಗಡುವಿನ ಯೋಚನೆ ವೆಬ್‌ಗಿಂತ ಹಳೆಯದು. 1978ರಲ್ಲಿ ರೋಜರ್ ನೀಡಮ್ ಮತ್ತು ಮೈಕಲ್ ಶ್ರೋಡರ್ ನೆಟ್‌ವರ್ಕಿನಲ್ಲಿ ಗುರುತು ಸಾಬೀತು ಮಾಡುವ ಒಂದು ವಿಧಾನ ಪ್ರಕಟಿಸಿದರು. ಅದರಲ್ಲಿ ಸಮಯದ ಪ್ರಸ್ತಾಪವೇ ಇರಲಿಲ್ಲ. 1981ರಲ್ಲಿ ಡೊರೊತಿ ಡೆನ್ನಿಂಗ್ ಮತ್ತು ಜಿಯೊವಾನಿ ಮರಿಯಾ ಸಕ್ಕೊ ಅದರ ತೂತನ್ನು ತೋರಿಸಿದರು: ಎಂದೋ ಬಳಸಿದ ಹಳೆಯ ಕೀಲಿ ಕಳ್ಳನಿಗೆ ಸಿಕ್ಕರೆ ಅವನು ಹಳೆಯ ಸಂದೇಶವನ್ನೇ ಮತ್ತೆ ಕಳಿಸಿ ಒಳಗೆ ಬರಬಲ್ಲ. ಅವರು ಸೂಚಿಸಿದ ಪರಿಹಾರ ಸಂದೇಶದ ಮೇಲೆ ಸಮಯದ ಮುದ್ರೆ. ಎಂಐಟಿಯ ಅಥೇನಾ ಯೋಜನೆಯಲ್ಲಿ ಹುಟ್ಟಿದ ಕರ್ಬೆರಾಸ್ ಈ ಎರಡನ್ನೂ ಬೆಸೆಯಿತು, ಬಳಕೆದಾರರಿಗೆ ಗಡುವುಳ್ಳ ಟಿಕೆಟ್ ಕೊಟ್ಟಿತು.

ಕರ್ಬೆರಾಸ್‌ನ ನಾಲ್ಕನೆಯ ಆವೃತ್ತಿಯಲ್ಲಿ ಒಂದು ಟಿಕೆಟ್ಟಿನ ಗರಿಷ್ಠ ಆಯುಸ್ಸು 21 ಗಂಟೆ 15 ನಿಮಿಷ. ಈ ವಿಚಿತ್ರ ಅಂಕಿಯ ಹಿಂದೆ ಭದ್ರತೆಯ ತತ್ವವೇನೂ ಇಲ್ಲ. ಅವಧಿಯನ್ನು ಐದೈದು ನಿಮಿಷಗಳ ಲೆಕ್ಕದಲ್ಲಿ ಒಂದು ಬೈಟಿನಲ್ಲಿ ಇಡುತ್ತಿದ್ದರು. ಬೈಟಿನಲ್ಲಿ ಹಿಡಿಸುವುದು ಅಷ್ಟೇ. ಮೈಕ್ರೋಸಾಫ್ಟ್ ತನ್ನ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಇದೇ ಕರ್ಬೆರಾಸನ್ನು ಬಳಸಿದಾಗ ಟಿಕೆಟ್ಟಿಗೆ 10 ಗಂಟೆ, ನವೀಕರಣಕ್ಕೆ 7 ದಿನ ಎಂದು ಡೀಫಾಲ್ಟ್ ಇಟ್ಟಿತು. ಇದರಲ್ಲಾದರೂ ಒಂದು ಆಫೀಸಿನ ದಿನ ಕಾಣುತ್ತದೆ: ಬೆಳಿಗ್ಗೆ ಪಾಸ್‌ವರ್ಡ್ ಕೊಟ್ಟರೆ ಸಂಜೆ ಮನೆಗೆ ಹೋಗುವವರೆಗೆ ಯಾರೂ ಕೇಳುವುದಿಲ್ಲ.

ಇಂದಿನ ಉತ್ಪನ್ನಗಳ ಡೀಫಾಲ್ಟ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ ನಗು ಬರುತ್ತದೆ. ಕೀಕ್ಲೋಕ್ ಆಕ್ಸೆಸ್ ಟೋಕನ್ನಿಗೆ ಕೊಡುವುದು 5 ನಿಮಿಷ. ಆಥ್‌ಝೀರೊದಲ್ಲಿ ನೀವು ಹೊಸ ಎಪಿಐ ಸೇರಿಸಿದರೆ 24 ಗಂಟೆ. ಒಂದೇ ಕೆಲಸಕ್ಕೆ 288 ಪಟ್ಟು ವ್ಯತ್ಯಾಸ. ಅಮೆಜಾನಿನ ಕಾಗ್ನಿಟೊ 60 ನಿಮಿಷ ಕೊಡುತ್ತದೆ, ಗೂಗಲ್ ಕೂಡ ಒಂದು ಗಂಟೆ. ಲಾರವೆಲ್‌ನ ಸ್ಯಾಂಕ್ಟಮ್ ಗಡುವನ್ನೇ ಹಾಕುವುದಿಲ್ಲ, ಬೇಕೆಂದವರು ಬರೆದುಕೊಳ್ಳಬೇಕು. ಇವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಮೈಕ್ರೋಸಾಫ್ಟ್‌ನ ಎಂಟ್ರಾ. ಅದು 60ರಿಂದ 90 ನಿಮಿಷಗಳ ನಡುವೆ ಯಾವುದಾದರೂ ಒಂದು ಅವಧಿಯನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಒಂಬತ್ತು ಗಂಟೆಗೆ ಲಾಗಿನ್ ಆದ ಸಾವಿರಾರು ಮಂದಿಯ ಟೋಕನ್ ಹತ್ತಕ್ಕೆ ಸರಿಯಾಗಿ ಒಟ್ಟಿಗೇ ಸತ್ತರೆ ಹೊಸ ಟೋಕನ್ನಿಗಾಗಿ ಸರ್ವರಿನ ಮೇಲೆ ಒಮ್ಮೆಲೇ ನೂಕುನುಗ್ಗಲು. ಅಂಕಿ ಚದುರಿದರೆ ಅದು ತಪ್ಪುತ್ತದೆ.

ಐದು ನಿಮಿಷ ಎಂದು ಬರೆದವರು ಬಿಗಿ, 24 ಗಂಟೆ ಎಂದವರು ಸಡಿಲ ಎಂದು ತೀರ್ಮಾನಿಸುವ ಮೊದಲು ಇಲ್ಲಿ ಹಲವು ಗಡಿಯಾರಗಳು ಓಡುತ್ತಿವೆ ಎಂಬುದನ್ನು ಗಮನಿಸಬೇಕು. ಆಕ್ಸೆಸ್ ಟೋಕನ್ ಚಿಕ್ಕದು. ಅದು ಮುಗಿದಾಗ ಬಳಕೆದಾರರಿಗೆ ತಿಳಿಯದಂತೆ ಹೊಸದನ್ನು ತರುವುದು ರಿಫ್ರೆಶ್ ಟೋಕನ್. ಅದರ ಆಯುಸ್ಸು ಬೇರೆ. ಬಳಕೆದಾರ ಏನೂ ಮಾಡದೆ ಕೂತರೆ ಎಷ್ಟು ಹೊತ್ತಿಗೆ ಹೊರಹಾಕಬೇಕು ಎಂಬುದು ಮೂರನೆಯದು. ಎಷ್ಟೇ ಚಟುವಟಿಕೆಯಿಂದಿದ್ದರೂ ಇಷ್ಟಾದ ಮೇಲೆ ಮತ್ತೆ ಪಾಸ್‌ವರ್ಡ್ ಕೇಳಲೇಬೇಕು ಎಂಬುದು ನಾಲ್ಕನೆಯದು. ಕೀಕ್ಲೋಕ್‌ನಲ್ಲಿ 5 ನಿಮಿಷದ ಟೋಕನ್ನಿನ ಹಿಂದೆ 30 ನಿಮಿಷದ ನಿಷ್ಕ್ರಿಯತೆಯ ಮಿತಿಯಿದೆ, 10 ಗಂಟೆಯ ಒಟ್ಟು ಮಿತಿಯಿದೆ. ಕಾಗ್ನಿಟೊದಲ್ಲಿ ರಿಫ್ರೆಶ್ ಟೋಕನ್ನಿಗೆ ಡೀಫಾಲ್ಟ್ 30 ದಿನ; ಬೇಕಾದರೆ 10 ವರ್ಷಕ್ಕೂ ಏರಿಸಬಹುದು. ಆಕ್ಸೆಸ್ ಟೋಕನ್ನಿಗೆ ಐದು ನಿಮಿಷ, ರಿಫ್ರೆಶ್ ಟೋಕನ್ನಿಗೆ ಹತ್ತು ವರ್ಷ ಇಟ್ಟು ‘ನಮ್ಮದು ಐದು ನಿಮಿಷದ ವ್ಯವಸ್ಥೆ’ ಎಂದು ಆಡಿಟರಿಗೆ ತೋರಿಸುವ ತಂಡ ಸುಳ್ಳು ಹೇಳುತ್ತಿಲ್ಲ, ನಿಜವನ್ನೂ ಹೇಳುತ್ತಿಲ್ಲ. ಕಳ್ಳ ಹುಡುಕುವುದು ದೊಡ್ಡ ಆಯುಸ್ಸಿನ ಟೋಕನ್ನನ್ನೇ.

ಅಮೆರಿಕದ ಎನ್‌ಐಎಸ್‌ಟಿ 2017ರ ತನ್ನ ಮಾರ್ಗಸೂಚಿಯಲ್ಲಿ ಲೆಕ್ಕ ಹಾಕಿದ್ದು ಈ ಕೊನೆಯ ಎರಡು ಗಡಿಯಾರಗಳನ್ನು. ಕೆಳಗಿನ ಹಂತದ ಭದ್ರತೆಗೆ 30 ದಿನಕ್ಕೊಮ್ಮೆ ಮರುಪರಿಶೀಲನೆ. ಮಧ್ಯಮ ಹಂತಕ್ಕೆ 12 ಗಂಟೆ ಅಥವಾ 30 ನಿಮಿಷದ ನಿಷ್ಕ್ರಿಯತೆ. ಮೇಲಿನ ಹಂತಕ್ಕೆ 12 ಗಂಟೆ ಅಥವಾ 15 ನಿಮಿಷ. ಕಾರ್ಡ್ ವಹಿವಾಟಿನ ಪಿಸಿಐ ನಿಯಮವೂ 15 ನಿಮಿಷದ ನಿಷ್ಕ್ರಿಯತೆಯನ್ನೇ ಹಿಡಿಯುತ್ತದೆ. ಇಂಥ ಅಂಕಿಗಳಿಗೆ ಕನಿಷ್ಠ ಒಂದು ವಾದವಿದೆ: ಹಲವರು ಕೂತು ಏಳುವ ಕಂಪ್ಯೂಟರನ್ನು ಒಬ್ಬರು ತೆರೆದಿಟ್ಟು ಹೋದರೆ ಮುಂದಿನವರು ಅದೇ ಖಾತೆಯಲ್ಲಿ ಮುಂದುವರಿಯಬಾರದು. ಸೈಬರ್ ಸೆಂಟರಿಗೆ ಇದು ಸರಿ. ಬೆರಳಚ್ಚಿನಿಂದ ತೆರೆಯುವ ಸ್ವಂತ ಮೊಬೈಲಿಗೆ ಇದೇ ಅಳತೆಯನ್ನು ತಂದು ಹಾಕುವುದು ಶಿಕ್ಷೆ.

ಹಾಗೆ ಹಾಕಿದಾಗ ಏನಾಗುತ್ತದೆ? ಪದೇಪದೇ ಪಾಸ್‌ವರ್ಡ್ ಕೇಳಿಸಿಕೊಂಡವರು ಎದುರಿಗೆ ಬಂದ ಯಾವ ಪರದೆಯಲ್ಲಾದರೂ ಯೋಚಿಸದೆ ಟೈಪ್ ಮಾಡಲು ಕಲಿಯುತ್ತಾರೆ. ನಕಲಿ ಲಾಗಿನ್ ಪುಟ ಕಟ್ಟುವವರಿಗೆ ಬೇಕಾದದ್ದೂ ಅಷ್ಟೇ. ಮೈಕ್ರೋಸಾಫ್ಟ್ ತನ್ನ ಗ್ರಾಹಕರಿಗೆ ಬರೆದ ದಾಖಲೆಯಲ್ಲೇ ಈ ಎಚ್ಚರಿಕೆ ಇದೆ. ಅದರ ಡೀಫಾಲ್ಟ್‌ನಲ್ಲಿ ಮರು ಲಾಗಿನ್‌ಗೆ 90 ದಿನಗಳ ಅವಕಾಶವಿದೆ. ಅಂಗವಿಕಲರೂ ಬಳಸಬಲ್ಲ ವೆಬ್‌ಗಾಗಿ ಇರುವ ಡಬ್ಲ್ಯೂಸಿಎಜಿ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮಯದ ಮಿತಿ ಇದ್ದರೆ ಮುಗಿಯುವ ಮೊದಲು ತಿಳಿಸಿ, ಅವಧಿ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡಿ ಎನ್ನುತ್ತದೆ. ಉದ್ದನೆಯ ಅರ್ಜಿಯನ್ನು ಒಂದೊಂದೇ ಅಕ್ಷರ ಹುಡುಕಿ ಕನ್ನಡದಲ್ಲಿ ತುಂಬಿ, ‘ಸಲ್ಲಿಸಿ’ ಒತ್ತಿದಾಗ ಸೆಷನ್ ಮುಗಿದಿದೆ ಎಂಬ ಉತ್ತರ ಪಡೆದ ಹಿರಿಯರಿಗೆ ಈ ನಿಯಮದ ಬೆಲೆ ಗೊತ್ತು.

ಚಿಕ್ಕ ಆಯುಸ್ಸು ಕಳ್ಳತನವನ್ನು ತಡೆಯುತ್ತದೆ ಎಂಬ ನಂಬಿಕೆಯನ್ನು ಘಟನೆಗಳು ಅಷ್ಟಾಗಿ ಬೆಂಬಲಿಸುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನ ‘ವ್ಯೂ ಆ್ಯಸ್’ ಸೌಲಭ್ಯದ ದೋಷದಿಂದ ಸುಮಾರು 3 ಕೋಟಿ ಖಾತೆಗಳ ಟೋಕನ್‌ಗಳು ಕಳ್ಳರ ಪಾಲಾದವು. ಕಂಪನಿಯನ್ನು ಉಳಿಸಿದ್ದು ಗಡುವಲ್ಲ. ಸುಮಾರು 9 ಕೋಟಿ ಖಾತೆಗಳ ಟೋಕನ್ನುಗಳನ್ನು ಒಟ್ಟಿಗೇ ರದ್ದು ಮಾಡಿ ಎಲ್ಲರನ್ನೂ ಲಾಗೌಟ್ ಮಾಡಿಸಬಲ್ಲ ಸಾಮರ್ಥ್ಯ. 2023ರ ಅಕ್ಟೋಬರಿನಲ್ಲಿ ಬಯಲಾದ ಆಕ್ಟಾ ಪ್ರಕರಣದಲ್ಲಿ ಗ್ರಾಹಕರು ದೋಷ ಪರಿಹಾರಕ್ಕೆಂದು ಕಳಿಸಿದ ಬ್ರೌಸರ್ ದಾಖಲೆಗಳೊಳಗೆ ಜೀವಂತ ಸೆಷನ್ ಟೋಕನ್‌ಗಳಿದ್ದವು. 134 ಗ್ರಾಹಕ ಸಂಸ್ಥೆಗಳ ದಾಖಲೆ ತೆರೆದ ಕಳ್ಳರು 5 ಸಂಸ್ಥೆಗಳ ಸೆಷನ್ನಿನೊಳಗೆ ನುಗ್ಗಿದರು. ಅದೇ ವರ್ಷದ ಜನವರಿಯಲ್ಲಿ ಸರ್ಕಲ್‌ಸಿಐ ಪ್ರಕಟಿಸಿದಂತೆ, ಅವರ ಇಂಜಿನಿಯರೊಬ್ಬರ ಲ್ಯಾಪ್‌ಟಾಪಿಗೆ ಹೊಕ್ಕ ಮಾಲ್‌ವೇರ್ ಎರಡು ಹಂತದ ಪರಿಶೀಲನೆ ಮುಗಿಸಿದ್ದ ಸೆಷನ್ ಕುಕಿಯನ್ನೇ ಹೊತ್ತೊಯ್ದಿತ್ತು. ಯಂತ್ರದ ವೇಗದಲ್ಲಿ ಕದಿಯುವವನಿಗೆ ಐದು ನಿಮಿಷ ಧಾರಾಳ.

ದೊಡ್ಡ ಆಯುಸ್ಸಿನ ಕತೆಗಳು ಇನ್ನೊಂದು ಬಗೆಯವು, ಅವುಗಳಲ್ಲಿ ಪಾತ್ರಧಾರಿಗಳು ಹೆಚ್ಚಾಗಿ ಯಂತ್ರಗಳು. ಮೈಕ್ರೋಸಾಫ್ಟ್‌ನ ಎಐ ಸಂಶೋಧಕರು 2020ರ ಜುಲೈಯಲ್ಲಿ ಸಾರ್ವಜನಿಕ ಕೋಡ್ ಭಂಡಾರವೊಂದರಲ್ಲಿ ಅಜೂರ್ ಸಂಗ್ರಹದ ಕೊಂಡಿ ಹಾಕಿದ್ದರು. ಕೊಂಡಿಯೊಳಗಿನ ಟೋಕನ್ ಬೇಕಾದ ಒಂದು ಕಡತಕ್ಕೆ ಸೀಮಿತವಾಗಿರದೆ ಇಡೀ ಸಂಗ್ರಹವನ್ನು ತೆರೆಯುತ್ತಿತ್ತು. ಅದರ ಗಡುವು 2021ರ ಅಕ್ಟೋಬರ್ 5. ಗಡುವಾದರೂ ಈ ತಪ್ಪನ್ನು ಮುಚ್ಚಿಬಿಡುತ್ತಿತ್ತು. ಆದರೆ ಮರುದಿನವೇ ಅದನ್ನು ನವೀಕರಿಸಿ 2051ರ ಅಕ್ಟೋಬರ್ 6ರವರೆಗೆ ಎಂದು ಬರೆದರು. ಮೂವತ್ತು ವರ್ಷ! 2023ರಲ್ಲಿ ವಿಝ್ ಕಂಪನಿಯವರು ಇದನ್ನು ಪತ್ತೆ ಹಚ್ಚುವ ಹೊತ್ತಿಗೆ ತೆರೆದು ಬಿದ್ದಿದ್ದದ್ದು 38 ಟೆರಾಬೈಟ್. ಅದರಲ್ಲಿ ಇಬ್ಬರು ನೌಕರರ ಕಂಪ್ಯೂಟರಿನ ಬ್ಯಾಕಪ್ ಕೂಡ ಇತ್ತು. ಗಡುವು ಮುಗಿದು ಏನೋ ನಿಂತಾಗ ಯಾಕೆ ನಿಂತಿತು ಎಂದು ವಿಚಾರಿಸದೆ, ಇನ್ನೆಂದೂ ನಿಲ್ಲದ ಹಾಗೆ ಮಾಡುವ ಆತುರ ಎಲ್ಲ ಆಫೀಸುಗಳಲ್ಲೂ ಇದೆ.

ಆಕ್ಟಾ ಘಟನೆಗೂ ಹೀಗೆ ಒಂದು ಬಾಲವಿದೆ. ಅಲ್ಲಿ ಕಳುವಾದ ರುಜುವಾತುಗಳನ್ನು ಕ್ಲೌಡ್‌ಫ್ಲೇರ್ ಬದಲಾಯಿಸಿತು, ಆದರೆ ಬಳಕೆಯಲ್ಲಿಲ್ಲ ಎಂದುಕೊಂಡ ಒಂದು ಟೋಕನ್ ಮತ್ತು ಮೂರು ಸೇವಾ ಖಾತೆಗಳನ್ನು ಬಿಟ್ಟಿತು. ಕಳ್ಳರು ನವೆಂಬರಿನಲ್ಲಿ ಅವುಗಳಿಂದಲೇ ಒಳಗೆ ಬಂದರು. ಮನುಷ್ಯರ ಟೋಕನ್ ಮುಗಿದರೆ ಅವರು ಗೊಣಗುತ್ತಾ ಮತ್ತೆ ಲಾಗಿನ್ ಆಗುತ್ತಾರೆ. ಯಂತ್ರದ ಟೋಕನ್ ಮುಗಿದರೆ ರಾತ್ರಿ ಎರಡು ಗಂಟೆಗೆ ಯಾರದೋ ಫೋನ್ ಬಡಿದುಕೊಳ್ಳುತ್ತದೆ. ಆ ಭಯಕ್ಕೇ ಅವುಗಳಿಗೆ ಚಿರಂಜೀವಿ ಪಟ್ಟ ಕಟ್ಟುತ್ತೇವೆ. ಕುಬರ್ನೆಟೀಸ್ ಈ ಚಾಳಿಯನ್ನು ಬಿಟ್ಟ ರೀತಿ ಅನುಕರಣೀಯ. ಮೊದಲು ಪ್ರತಿ ಸೇವಾ ಖಾತೆಗೂ ಗಡುವಿಲ್ಲದ ಟೋಕನ್ ತಾನಾಗಿ ತಯಾರಾಗುತ್ತಿತ್ತು. 2022ರ 1.24 ಆವೃತ್ತಿಯಿಂದ ಅದು ನಿಂತಿತು. ಈಗಿನ ಟೋಕನ್ನಿಗೆ ಗಡುವಿದೆ; ಆಯುಸ್ಸಿನ ಶೇ. 80ರಷ್ಟು ಕಳೆದಾಗ ಕ್ಯೂಬ್‌ಲೆಟ್ ತಾನೇ ಹೊಸದನ್ನು ತಂದಿಡುತ್ತದೆ. ಗಡುವನ್ನು ಬಿಗಿ ಮಾಡುವುದಕ್ಕೆ ಮೊದಲು ನವೀಕರಣವನ್ನು ಯಂತ್ರಕ್ಕೆ ಒಪ್ಪಿಸಬೇಕು ಎಂಬ ಕ್ರಮ ಇದರಲ್ಲಿದೆ. ಕ್ರಮ ತಲೆಕೆಳಗಾದರೆ ಮತ್ತೆ 2051.

ನಮ್ಮ ದೇಶದ ಎರಡು ಉದಾಹರಣೆಗಳು ಇಲ್ಲಿ ನೆನಪಾಗುತ್ತವೆ. ಜಿಎಸ್‌ಟಿ ಇ-ಇನ್‌ವಾಯ್ಸ್ ವ್ಯವಸ್ಥೆಯ ಎಪಿಐ ಕೊಡುವ ಟೋಕನ್ 6 ಗಂಟೆ ನಡೆಯುತ್ತದೆ. ಅಷ್ಟರೊಳಗೆ ಎಷ್ಟು ಬಿಲ್ ಬೇಕಾದರೂ ನೋಂದಾಯಿಸಬಹುದು. ಬೆಂಗಳೂರಿನ ಝೆರೋಧಾ ಕಂಪನಿಯ ಕೈಟ್ ಕನೆಕ್ಟ್ ಎಪಿಐಯಲ್ಲಿ ಅವಧಿಯ ಲೆಕ್ಕವೇ ಇಲ್ಲ. ನೀವು ಯಾವಾಗ ಲಾಗಿನ್ ಆದರೂ ಟೋಕನ್ ಮರುದಿನ ಬೆಳಿಗ್ಗೆ 6ಕ್ಕೆ ಮುಗಿಯುತ್ತದೆ. ಇದು ನಿಯಂತ್ರಣ ಸಂಸ್ಥೆಯ ಬೇಡಿಕೆ ಎಂದು ಅವರ ದಾಖಲೆಯೇ ಹೇಳುತ್ತದೆ. ಷೇರುಪೇಟೆ ತೆರೆಯುವ ಮೊದಲೇ ಮುಗಿಯುವುದರಿಂದ ವಹಿವಾಟಿನ ನಡುವೆ ಯಾರ ಆರ್ಡರೂ ಅರ್ಧಕ್ಕೆ ನಿಲ್ಲುವುದಿಲ್ಲ. ‘ಇಷ್ಟು ಸೆಕೆಂಡು’ ಎನ್ನುವ ಬದಲು ‘ಇಂಥ ಹೊತ್ತಿಗೆ’ ಎಂದು ನಿರ್ಧರಿಸುವ ಈ ರೀತಿ ಪಠ್ಯಗಳಲ್ಲಿ ಕಾಣುವುದು ಕಡಿಮೆ. ಆಸ್ಪತ್ರೆಯ ಪಾಳಿ, ಬ್ಯಾಂಕಿನ ದಿನದ ಲೆಕ್ಕ, ಕಾರ್ಖಾನೆಯ ಶಿಫ್ಟ್ ಇರುವಲ್ಲೆಲ್ಲ ಇದನ್ನು ಪರಿಗಣಿಸಬಹುದು.

ಅಂಕಿ ಎಷ್ಟೆಂದು ತೀರ್ಮಾನವಾದ ಮೇಲೆ ಅದು ಕೋಡಿನೊಳಗೆ ಸರಿಯಾಗಿ ಕೂರುತ್ತದೆಯೇ ಎಂಬುದು ಬೇರೆ ಪುರಾಣ. ಜೆಡಬ್ಲ್ಯೂಟಿ ನಿಯಮದಲ್ಲಿ ಗಡುವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಬರೆಯಬೇಕು. ಜಾವಾಸ್ಕ್ರಿಪ್ಟಿನ ಗಡಿಯಾರ ಕೊಡುವುದು ಮಿಲಿಸೆಕೆಂಡು. ಸಾವಿರದಿಂದ ಭಾಗಿಸಲು ಮರೆತರೆ ಟೋಕನ್ ಐವತ್ತು ಸಾವಿರ ವರ್ಷಗಳಾಚೆ ಮುಗಿಯುತ್ತದೆ, ಯಾವ ಪರೀಕ್ಷೆಯಲ್ಲೂ ತಪ್ಪು ಕಾಣುವುದಿಲ್ಲ. ನೋಡ್ ಲೋಕದ ಪ್ರಸಿದ್ಧ ಜೆಸನ್‌ವೆಬ್‌ಟೋಕನ್ ಲೈಬ್ರರಿಯಲ್ಲಿ 120 ಎಂಬ ಸಂಖ್ಯೆ ಕೊಟ್ಟರೆ ನೂರಿಪ್ಪತ್ತು ಸೆಕೆಂಡು. ಅದನ್ನೇ ಉದ್ಧರಣ ಚಿಹ್ನೆಯೊಳಗೆ ಅಕ್ಷರವಾಗಿ ಕೊಟ್ಟರೆ ನೂರಿಪ್ಪತ್ತು ಮಿಲಿಸೆಕೆಂಡು. ಪರಿಸರದ ವೇರಿಯಬಲ್‌ಗಳಿಂದ ಓದಿದ ಮೌಲ್ಯ ಯಾವಾಗಲೂ ಅಕ್ಷರರೂಪದಲ್ಲೇ ಬರುತ್ತದೆ ಎಂಬುದನ್ನು ನೆನೆದರೆ, ಲಾಗಿನ್ ಆದ ಕ್ಷಣವೇ ಹೊರಬೀಳುವ ಆ್ಯಪ್‌ಗಳ ಗುಟ್ಟು ತಿಳಿಯುತ್ತದೆ.

ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಇದಕ್ಕೆ ವಿರುದ್ಧದ ಅಚ್ಚರಿ. ಒಂದು ನಿಮಿಷದ ಗಡುವಿಟ್ಟು ಪರೀಕ್ಷಿಸಿದರೆ ಟೋಕನ್ ಆರು ನಿಮಿಷ ಬದುಕುತ್ತದೆ. ಸರ್ವರ್‌ಗಳ ಗಡಿಯಾರ ಹಿಂದುಮುಂದಾಗಿದ್ದರೆ ಇರಲಿ ಎಂದು ಐದು ನಿಮಿಷದ ರಿಯಾಯಿತಿ ಡೀಫಾಲ್ಟ್ ಆಗಿ ಸೇರಿರುತ್ತದೆ. ಗಂಟೆಯ ಟೋಕನ್ನಿಗೆ ಅದು ಲೆಕ್ಕಕ್ಕಿಲ್ಲ. ಐದು ನಿಮಿಷದ ಟೋಕನ್ನಿಗೆ ಆಯುಸ್ಸು ಇಮ್ಮಡಿ. ಬ್ರೌಸರಿನಲ್ಲಿ ಗಡುವಿಗೆ ಟೈಮರ್ ಇಡುವವರಿಗೆ ಇನ್ನೊಂದು ಗುಂಡಿ ಕಾದಿದೆ. ಟೈಮರಿನ ಸಂಖ್ಯೆ 32 ಬಿಟ್‌ಗಳಲ್ಲಿ ಹಿಡಿಸಬೇಕಾದ್ದರಿಂದ ಅದು ಸುಮಾರು 24.8 ದಿನಕ್ಕಿಂತ ಹೆಚ್ಚು ಕಾಯಲಾರದು. 30 ದಿನ ಕೊಟ್ಟರೆ ಅಂಕಿ ಉಕ್ಕಿ ಹರಿದು ಟೈಮರ್ ತಕ್ಷಣವೇ ಬಡಿಯುತ್ತದೆ. ‘ಎಂದೂ ಮುಗಿಯಬೇಡ’ ಎನ್ನಲು ದೊಡ್ಡ ಸಂಖ್ಯೆ ಬರೆಯುವ ಚಟಕ್ಕೆ 2006ರಲ್ಲೇ ಒಂದು ಪಾಠವಾಗಿತ್ತು. ಎಒಎಲ್‌ಸರ್ವರ್ ತಂತ್ರಾಂಶದಲ್ಲಿ ಡೇಟಾಬೇಸ್ ಕೋರಿಕೆಗೆ ನೂರು ಕೋಟಿ ಸೆಕೆಂಡಿನ ಗಡುವು ಇಟ್ಟಿದ್ದರು. ಆ ವರ್ಷದ ಮೇ 13ರಂದು ‘ಈಗ’ ಮತ್ತು ನೂರು ಕೋಟಿಯ ಮೊತ್ತ 2038ರ ಜನವರಿ 19ನ್ನು, ಅಂದರೆ 32 ಬಿಟ್ ಗಡಿಯಾರದ ಕೊನೆಯ ದಿನವನ್ನು, ದಾಟಿತು, ಸರ್ವರ್‌ಗಳು ಬಿದ್ದವು.

ಈಚಿನ ಪ್ರಯತ್ನಗಳು ಅಂಕಿಯನ್ನು ಬಿಟ್ಟು ಬೇರೆಡೆ ನೋಡುತ್ತಿವೆ. 2025ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 9700 ಬ್ರೌಸರ್, ಮೊಬೈಲಿನಂಥ ಕಡೆ ಓಡುವ ಆ್ಯಪ್‌ಗಳಿಗೆ ಎರಡರಲ್ಲಿ ಒಂದನ್ನು ಕಡ್ಡಾಯ ಮಾಡಿತು: ರಿಫ್ರೆಶ್ ಟೋಕನ್ ಪ್ರತಿ ಬಳಕೆಗೂ ಬದಲಾಗಬೇಕು, ಇಲ್ಲವೇ ಅದು ಪಡೆದ ಸಾಧನಕ್ಕೇ ಕಟ್ಟಿಹಾಕಿದಂತಿರಬೇಕು. ಮೊದಲನೆಯದರಲ್ಲಿ ಹಳೆಯ ಟೋಕನ್ ಮತ್ತೆ ಕಾಣಿಸಿಕೊಂಡರೆ ಕಳ್ಳ ಇದ್ದಾನೆಂದು ತಿಳಿದು ಇಡೀ ಸರಣಿಯನ್ನು ರದ್ದು ಮಾಡಬಹುದು. ತೊಂದರೆಯೆಂದರೆ, ಎರಡು ಟ್ಯಾಬ್ ತೆರೆದಿಟ್ಟ ಸಜ್ಜನನೂ, ರೈಲಿನಲ್ಲಿ ಸಿಗ್ನಲ್ ಕಡಿದು ಅದೇ ಕೋರಿಕೆಯನ್ನು ಎರಡು ಸಲ ಕಳಿಸಿದವನೂ ಕಳ್ಳನಂತೆಯೇ ಕಾಣುತ್ತಾರೆ. ಹಾಗಾಗಿ ಕೆಲವು ಸೆಕೆಂಡುಗಳ ವಿನಾಯಿತಿ ಬೇಕಾಗುತ್ತದೆ, ಮತ್ತೆ ಒಂದು ಗಡುವು ಹುಟ್ಟುತ್ತದೆ. ಎರಡನೆಯ ದಾರಿಯಲ್ಲಿ, 2023ರ ಡಿಪಾಪ್ ನಿಯಮದಂತೆ, ಸಾಧನದೊಳಗಿನ ಕೀಲಿಯಿಂದ ಪ್ರತಿ ಕೋರಿಕೆಗೂ ಸಹಿ ಬೇಕು. ಟೋಕನ್ನನ್ನಷ್ಟೇ ಕದ್ದವನಿಗೆ ಪ್ರಯೋಜನವಿಲ್ಲ. ಎಂಟ್ರಾದ ಇನ್ನೊಂದು ಏರ್ಪಾಡಿನಲ್ಲಿ ಖಾತೆ ಮುಚ್ಚಿದ, ಪಾಸ್‌ವರ್ಡ್ ಬದಲಿಸಿದ ಸುದ್ದಿ ಸೇವೆಗಳಿಗೆ ಬಹುಬೇಗ ತಲುಪುತ್ತದೆ. ಅಲ್ಲಿ ಟೋಕನ್ನಿನ ಆಯುಸ್ಸನ್ನು 28 ಗಂಟೆಯವರೆಗೆ ಹೆಚ್ಚಿಸಿದ್ದಾರೆ. ರದ್ದತಿಯ ಸುದ್ದಿ ಬೇಗ ತಲುಪುವುದಾದರೆ ಗಡುವು ದೊಡ್ಡದಾದರೂ ನಡೆಯುತ್ತದೆ ಎಂಬ ಒಪ್ಪಿಗೆ ಅದು.

ಇದನ್ನೆಲ್ಲ ಓದುವಾಗ ನನಗೆ ಮತ್ತೆ ಮತ್ತೆ ಅನ್ನಿಸುವುದು, ನಮ್ಮ ಯುಪಿಐ 2016ರಿಂದಲೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ ಎಂದು. ಆ್ಯಪ್ ಆ ಫೋನಿಗೆ, ಆ ಸಿಮ್ಮಿಗೆ ಕಟ್ಟಿಕೊಂಡಿರುತ್ತದೆ. ಬೇರೆ ಫೋನಿಗೆ ಹೋದರೆ ಮೊದಲಿನಿಂದ ನೋಂದಣಿ. ತರಕಾರಿ ಅಂಗಡಿಯ ಮುಂದೆ ನಿಂತವರಿಗೆ ಪೂರ್ತಿ ಲಾಗಿನ್ನಿನ ಕಾಟವಿಲ್ಲ. ಆದರೆ ದುಡ್ಡು ಹೊರಡುವ ಕ್ಷಣದಲ್ಲಿ ಪಿನ್ ಕೇಳುತ್ತದೆ, ಯುಪಿಐ ಲೈಟ್‌ನ ಸಣ್ಣ ಮೊತ್ತಗಳಿಗೆ ಅದನ್ನೂ ಬಿಡುತ್ತದೆ. ಬ್ಯಾಲೆನ್ಸ್ ನೋಡಲು ಒಂದು ಅಳತೆ, ಪಾಸ್‌ವರ್ಡ್ ಬದಲಿಸಲು ಇನ್ನೊಂದು, ಹಣ ಕಳಿಸಲು ಮತ್ತೊಂದು ಎಂದು ಕೆಲಸಕ್ಕೆ ತಕ್ಕಂತೆ ಕೇಳುವ ಈ ಕ್ರಮವನ್ನು ಬಿಟ್ಟು, ಇಡೀ ಆ್ಯಪಿಗೆ ಒಂದೇ ಗಡುವು ಹಾಕಿ ಹದಿನೈದೋ ಮೂವತ್ತೋ ಎಂದು ಸಭೆಯಲ್ಲಿ ಚೌಕಾಸಿ ಮಾಡುವ ತಂಡಗಳು ಮೊದಲು ತಮ್ಮ ಆ್ಯಪಿನೊಳಗಿನ ಕೆಲಸಗಳ ಪಟ್ಟಿ ಬರೆದು, ಪ್ರತಿಯೊಂದರ ಮುಂದೆ ಅದು ತಪ್ಪು ಕೈಗೆ ಸಿಕ್ಕರೆ ಆಗುವ ನಷ್ಟವನ್ನು ನಮೂದಿಸಬೇಕು.